ತಡೆದದ್ದು ಸರಿಯೇ? ಮುಕ್ತ ವ್ಯವಸ್ಥೆಗಳಲ್ಲಿ ಭದ್ರತಾ ನೀತಿಯ ದೋಷ ವರದಿ: ಒಂದು ಸಮೀಕ್ಷೆ

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವರ ಬಾಯಲ್ಲಿ ಒಂದು ಸಲಹೆ ಬಹುಕಾಲದಿಂದ ಓಡಾಡುತ್ತಿದೆ: ‘ಕೆಲಸ ಮಾಡ್ತಿಲ್ವಾ? ಮೊದಲು ಎಸ್‌ಇಲಿನಕ್ಸ್ ಆಫ್ ಮಾಡಿ ನೋಡಿ.’ ಎಷ್ಟೋ ತಂತ್ರಾಂಶಗಳ ಇನ್‌ಸ್ಟಾಲ್ ಕೈಪಿಡಿಗಳಲ್ಲೂ ಇದೇ ಮೊದಲ ಹೆಜ್ಜೆ. ರೆಡ್ ಹ್ಯಾಟ್ ಬಗೆಯ ಯಂತ್ರಗಳಲ್ಲಿ ಎಸ್‌ಇಲಿನಕ್ಸ್ ಎಂಬ ಈ ಭದ್ರತಾ ವ್ಯವಸ್ಥೆಯನ್ನು ಬರೀ ಎಚ್ಚರಿಸುವ, ತಡೆಯದ ಸ್ಥಿತಿಗೆ ಇಳಿಸಿಕೊಳ್ಳಿ ಎಂದು ಕುಬರ್ನೆಟೀಸ್‌ನ ಅಧಿಕೃತ ಕೈಪಿಡಿಯೇ ವರ್ಷಗಟ್ಟಲೆ ಹೇಳಿದೆ. ಹಾಗೆ ಮಾಡಿದೊಡನೆ ಕೆಲಸ ಸಾಗುತ್ತದೆ, ನಿಜ. ಆದರೆ ಮೊದಲು ಅದು ಯಾಕೆ ನಿಂತಿತ್ತು ಎಂಬ ಪ್ರಶ್ನೆ ಅಲ್ಲಿಗೇ ಸಾಯುತ್ತದೆ. ತಪ್ಪು ಭದ್ರತಾ ನೀತಿಯಲ್ಲಿದ್ದರೆ ಅದು ತಿದ್ದುವವರ ಕಿವಿಗೆ ಬೀಳುವುದಿಲ್ಲ. ನಾಳೆ ಇನ್ನೊಬ್ಬರು ಅದೇ ತಪ್ಪಿಗೆ ಸಿಕ್ಕಿ, ಅದೇ ಸಲಹೆ ಕೇಳಿ, ಅದೇ ರೀತಿ ಕಾವಲನ್ನು ಇಳಿಸುತ್ತಾರೆ.

ಭದ್ರತಾ ನೀತಿಯ ದೋಷವನ್ನು ವರದಿ ಮಾಡುವುದು ಸಾಮಾನ್ಯ ಬಗ್ ವರದಿಗಿಂತ ಬೇರೆ ಜಾತಿಯ ಕೆಲಸ. ಕ್ಯಾಲ್ಕುಲೇಟರ್ ತಪ್ಪು ಮೊತ್ತ ತೋರಿಸಿದರೆ ಅದು ತಪ್ಪೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಭದ್ರತಾ ವ್ಯವಸ್ಥೆ ಏನನ್ನಾದರೂ ತಡೆದರೆ, ತಡೆಯುವುದೇ ಅದರ ಕೆಲಸವಾದ್ದರಿಂದ, ತಡೆದದ್ದು ಸರಿಯೋ ತಪ್ಪೋ ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಯಂತ್ರದ ಲಾಗ್‌ನಲ್ಲಿ ಇರುವುದಿಲ್ಲ. ಆ ಪ್ರೋಗ್ರಾಮ್ ಏನು ಮಾಡಬೇಕಿತ್ತು ಎಂದು ಬಲ್ಲ ಮನುಷ್ಯನೇ ಅದನ್ನು ಹೇಳಬೇಕು. ಕಳೆದ ಎರಡು ದಶಕಗಳಲ್ಲಿ ಈ ಕೆಲಸ ಬೆಳೆದ ಬಗೆ, ಅದರ ಗೆಲುವುಗಳು ಮತ್ತು ಈಗಲೂ ಉಳಿದಿರುವ ಕೊರತೆಯನ್ನು ಇಲ್ಲಿ ನೋಡೋಣ.

ಒಡೆಯನ ಇಚ್ಛೆಯ ಮೇಲೊಂದು ನಿಯಮ

ಹಳೆಯ ಯುನಿಕ್ಸ್ ಕ್ರಮದಲ್ಲಿ ಫೈಲನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂದು ತೀರ್ಮಾನಿಸುವವನು ಅದರ ಒಡೆಯ. ರೂಟ್ ಬಳಕೆದಾರನಿಗಂತೂ ತಡೆಯೇ ಇಲ್ಲ. ರೂಟ್ ಅಧಿಕಾರದಲ್ಲಿ ಓಡುವ ಒಂದು ಸೇವೆಯನ್ನು ಯಾರಾದರೂ ವಶಪಡಿಸಿಕೊಂಡರೆ ಇಡೀ ಯಂತ್ರ ಅವರ ಕೈ ಸೇರುತ್ತದೆ. ಕಡ್ಡಾಯ ಪ್ರವೇಶ ನಿಯಂತ್ರಣ ಎಂಬ ವಿಧಾನ ಇದರ ಮೇಲೆ ಇನ್ನೊಂದು ಪದರ ಹಾಕುತ್ತದೆ. ಬ್ಯಾಂಕಿನ ಲಾಕರ್ ತೆರೆಯಲು ಗ್ರಾಹಕನ ಕೀಲಿಯ ಜೊತೆ ಬ್ಯಾಂಕಿನ ಕೀಲಿಯೂ ಬೇಕಾದಂತೆ, ಇಲ್ಲಿ ಫೈಲಿನ ಸಾಮಾನ್ಯ ಅನುಮತಿ ಸಿಕ್ಕ ಮೇಲೂ ವ್ಯವಸ್ಥೆಯ ನೀತಿ ಒಪ್ಪಬೇಕು. ರೂಟ್ ಆಗಿದ್ದರೂ ಈ ಎರಡನೆಯ ಒಪ್ಪಿಗೆಯಿಂದ ವಿನಾಯಿತಿ ಇಲ್ಲ.

ಇದೇ ವಿಧಾನದ ಎಸ್‌ಇಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ, ಪ್ರತಿ ಫೈಲಿಗೂ, ನೆಟ್‌ವರ್ಕ್ ಪೋರ್ಟಿಗೂ ಒಂದು ಲೇಬಲ್ ಇರುತ್ತದೆ. ಅದರಲ್ಲಿ ದಿನನಿತ್ಯದ ತೀರ್ಮಾನಗಳಿಗೆ ಮುಖ್ಯವಾದ ಭಾಗ ‘ಟೈಪ್’. ಅಪಾಚೆ ವೆಬ್ ಸರ್ವರ್ ಓಡುವುದು ಎಚ್‌ಟಿಟಿಪಿಡಿ_ಟಿ ಎಂಬ ಟೈಪಿನಲ್ಲಿ. ಬಳಕೆದಾರನ ಹೋಮ್ ಡೈರೆಕ್ಟರಿಯ ಫೈಲುಗಳದು ಬೇರೆ ಟೈಪ್, ವೆಬ್ ಪುಟಗಳದು ಬೇರೆ ಟೈಪ್. ಯಾವ ಟೈಪಿನ ಪ್ರೋಗ್ರಾಮ್ ಯಾವ ಟೈಪಿನ ವಸ್ತುವಿನ ಮೇಲೆ ಏನು ಮಾಡಬಹುದು ಎಂಬ ಸಾವಿರಾರು ನಿಯಮಗಳ ಸಂಗ್ರಹವೇ ನೀತಿ. ಅಲ್ಲಿ ಬರೆದಿರದ ಯಾವುದಕ್ಕೂ ಅನುಮತಿ ಇಲ್ಲ.

ದೋಷಗಳ ಮೂಲ ಇಲ್ಲೇ ಇದೆ. ಪ್ರೋಗ್ರಾಮ್ ಬರೆದವರು ಒಬ್ಬರು, ಅದರ ನಡವಳಿಕೆಯನ್ನು ನೀತಿಯಲ್ಲಿ ಬಣ್ಣಿಸಿದವರು ಇನ್ನೊಬ್ಬರು. ಹೊಸ ಆವೃತ್ತಿಯಲ್ಲಿ ಪ್ರೋಗ್ರಾಮ್ ತನ್ನ ತಾತ್ಕಾಲಿಕ ಫೈಲುಗಳನ್ನು ಬೇರೆ ಕಡೆ ಇಡತೊಡಗಿದರೆ ನೀತಿ ಹಿಂದೆ ಬೀಳುತ್ತದೆ. ಹೀಗೆ ಹಿಂದೆ ಬೀಳುವುದು ತಪ್ಪಿದ್ದಲ್ಲ. ಆದ್ದರಿಂದ ನೀತಿ ಬದುಕುವುದೇ ಬಳಸುವವರ ವರದಿಗಳಿಂದ.

ದೂರುಗಳೇ ತಿದ್ದಿದ ದಾರಿ

ಎಸ್‌ಇಲಿನಕ್ಸ್ ಹುಟ್ಟಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ. ಯೂಟಾ ವಿಶ್ವವಿದ್ಯಾಲಯದ ಜೊತೆ ಸೇರಿ ಬೆಳೆಸಿದ ಫ್ಲಾಸ್ಕ್ ಎಂಬ ವಿನ್ಯಾಸ ಅದರ ಬೇರು. ಸಂಸ್ಥೆ ಅದನ್ನು 2000ದ ಡಿಸೆಂಬರ್‌ನಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಒಂದೇ ಭದ್ರತಾ ಮಾದರಿಗೆ ಕರ್ನೆಲ್ಲನ್ನು ಕಟ್ಟಿಹಾಕಲು ಲಿನಸ್ ಟೋರ್ವಾಲ್ಡ್ಸ್ ಒಪ್ಪಲಿಲ್ಲ; ಬೇರೆ ಬೇರೆ ಭದ್ರತಾ ಮಾದರಿಗಳು ಕೂರಬಲ್ಲ ಒಂದು ಸಾಮಾನ್ಯ ಚೌಕಟ್ಟು ಬೇಕೆಂದರು. ಆ ಚೌಕಟ್ಟಿನ ಮೇಲೆ ಎಸ್‌ಇಲಿನಕ್ಸ್ ಮುಖ್ಯ ಕರ್ನೆಲ್ಲಿನ 2.6ನೇ ಸರಣಿಯೊಳಗೆ 2003ರಲ್ಲಿ ಬಂತು.

ಮೊದಲ ದೊಡ್ಡ ಪರೀಕ್ಷೆ 2004ರ ಮೇ ತಿಂಗಳಲ್ಲಿ ಬಂದ ಫೆಡೋರಾ ಕೋರ್ 2. ವ್ಯವಸ್ಥೆಯ ಎಲ್ಲವನ್ನೂ ಬಿಗಿಯಾಗಿ ಕಟ್ಟುವ ‘ಸ್ಟ್ರಿಕ್ಟ್’ ನೀತಿಯನ್ನು ಅದಕ್ಕಾಗಿ ಸಿದ್ಧಪಡಿಸಿದ್ದರು. ಪರೀಕ್ಷಾರ್ಥ ಆವೃತ್ತಿಗಳಲ್ಲೇ ಜನರ ಸಾಮಾನ್ಯ ಕೆಲಸಗಳು ಮುರಿದುಬಿದ್ದವು, ದೂರುಗಳು ಹರಿದುಬಂದವು. ಕೊನೆಗೆ ಎಸ್‌ಇಲಿನಕ್ಸ್ ತಾನಾಗಿ ಚಾಲೂ ಆಗದಂತೆ ಇಟ್ಟೇ ಆ ಆವೃತ್ತಿ ಹೊರಬಂತು. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಫೆಡೋರಾ ಕೋರ್ 3 ಬೇರೆ ದಾರಿ ಹಿಡಿಯಿತು. ಹೊರಜಗತ್ತಿಗೆ ಮುಖ ಮಾಡಿದ ವೆಬ್ ಸರ್ವರ್, ಡಿಎನ್‌ಎಸ್ ಮೊದಲಾದ ಕೆಲವು ಸೇವೆಗಳನ್ನಷ್ಟೇ ಕಟ್ಟಿ, ಉಳಿದವನ್ನು ಹಾಗೇ ಬಿಡುವ ‘ಟಾರ್ಗೆಟೆಡ್’ ನೀತಿ ಅದು. 2005ರ ಫೆಬ್ರವರಿಯಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 4 ಕೂಡ ಇದನ್ನೇ ಚಾಲೂ ಇಟ್ಟುಕೊಂಡು ಬಂತು. ಆಮೇಲಿನ ವರ್ಷಗಳಲ್ಲಿ ಒಂದೊಂದೇ ಸೇವೆ ಸೇರುತ್ತ ಕಟ್ಟಿನೊಳಗಿರುವ ಪ್ರೋಗ್ರಾಮುಗಳು ನೂರಾರು ಆದವು. ಭದ್ರತೆ ಹೆಚ್ಚು ಬಿಗಿಯಾದಷ್ಟೂ ಒಳ್ಳೆಯದು ಎಂಬ ಸರಳ ನಂಬಿಕೆಯನ್ನು ಬಳಕೆದಾರರ ದೂರುಗಳು ಮುರಿದವು. ಜನ ಆಫ್ ಮಾಡದೆ ಇಟ್ಟುಕೊಳ್ಳುವ ಭದ್ರತೆ ಹುಟ್ಟಿದ್ದು ಆ ದೂರುಗಳಿಂದಲೇ.

ಈಗ ಈ ತಂತ್ರ ಸರ್ವರ್ ಕೋಣೆಗಳಿಗೆ ಸೀಮಿತವಲ್ಲ. ಆಂಡ್ರಾಯ್ಡ್ 4.3ರಲ್ಲಿ ಎಸ್‌ಇಲಿನಕ್ಸ್ ಬರೀ ಗಮನಿಸುವ ಸ್ಥಿತಿಯಲ್ಲಿ ಬಂತು, 4.4ರಲ್ಲಿ ಕೆಲವು ಮುಖ್ಯ ಸೇವೆಗಳನ್ನು ಕಟ್ಟಿತು, 2014ರ 5.0ರಿಂದ ಪೂರ್ತಿ ಜಾರಿಯಾಯಿತು. ಬೀದರಿನಿಂದ ಚಾಮರಾಜನಗರದವರೆಗೆ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಹಿಡಿದ ಪ್ರತಿಯೊಬ್ಬರೂ, ಹೆಸರು ಕೇಳದೆಯೇ, ಈ ನೀತಿಯ ಆಶ್ರಯದಲ್ಲಿದ್ದಾರೆ. 2025ರಲ್ಲಿ ಓಪನ್‌ಸೂಸೆ ಟಂಬಲ್‌ವೀಡ್ ಕೂಡ ಹೊಸ ಇನ್‌ಸ್ಟಾಲ್‌ಗಳಿಗೆ ಇದನ್ನೇ ಆರಿಸಿಕೊಂಡಿತು.

ತಡೆಗೆ ನಾಲ್ಕು ಕಾರಣ

ರೆಡ್ ಹ್ಯಾಟ್‌ನಲ್ಲಿ ಬಹುಕಾಲ ಎಸ್‌ಇಲಿನಕ್ಸ್ ತಂಡವನ್ನು ಮುನ್ನಡೆಸಿದ ಡ್ಯಾನ್ ವಾಲ್ಶ್ ತಡೆಗಳಿಗೆ ನಾಲ್ಕು ಕಾರಣ ಎಣಿಸುತ್ತಾರೆ. ವರದಿ ಮಾಡುವ ಮುನ್ನ ಈ ನಾಲ್ಕನ್ನೂ ಹಾದುಹೋಗುವುದು ಒಳ್ಳೆಯದು.

ಮೊದಲನೆಯದು ತಪ್ಪು ಲೇಬಲ್. ಹೋಮ್ ಡೈರೆಕ್ಟರಿಯಲ್ಲಿ ಸಿದ್ಧಪಡಿಸಿದ ವೆಬ್ ಪುಟವನ್ನು ಸರ್ವರಿನ ಡೈರೆಕ್ಟರಿಗೆ ಕಾಪಿ ಮಾಡಿದರೆ ಅದು ಅಲ್ಲಿಯ ಲೇಬಲ್ ಪಡೆಯುತ್ತದೆ. ಮೂವ್ ಮಾಡಿದರೆ ಹಳೆಯ ಲೇಬಲ್ ಹೊತ್ತೇ ಬರುತ್ತದೆ, ಅಪಾಚೆಗೆ ಅದನ್ನು ಓದಲಾಗುವುದಿಲ್ಲ. ಇಲ್ಲಿ ನೀತಿಯ ತಪ್ಪೇನೂ ಇಲ್ಲ. ರಿಸ್ಟೋರ್‌ಕಾನ್ ಎಂಬ ಒಂದು ಆದೇಶ ಲೇಬಲ್ ಸರಿಪಡಿಸುತ್ತದೆ.

ಎರಡನೆಯದು ನಾವು ಮಾಡಿಕೊಂಡ ಬದಲಾವಣೆಯನ್ನು ನೀತಿಗೆ ತಿಳಿಸದಿರುವುದು. ಎಸ್‌ಎಸ್‌ಎಚ್ ಸೇವೆಯನ್ನು ಬೇರೆ ಪೋರ್ಟಿಗೆ ಬದಲಾಯಿಸಿದರೆ ಆ ಪೋರ್ಟಿಗೂ ಲೇಬಲ್ ಹಚ್ಚಬೇಕು. ಎಂಜಿನ್‌ಎಕ್ಸ್ ಮುಂದೆ ನಿಂತು ಹಿಂದಿನ ಅಪ್ಲಿಕೇಶನ್‌ಗೆ ವಿನಂತಿಗಳನ್ನು ದಾಟಿಸುವ ಏರ್ಪಾಡಿನಲ್ಲಿ 502 ದೋಷ ಬಂದಾಗ, ಬಹಳ ಸಲ ಕಾರಣ ವೆಬ್ ಸರ್ವರ್ ತಾನಾಗಿ ಹೊರಗೆ ಸಂಪರ್ಕ ಮಾಡಬಾರದು ಎಂಬ ನಿಯಮ. ಇಂಥ ಸಂದರ್ಭಗಳಿಗೆಂದೇ ನೀತಿಯಲ್ಲಿ ಬೂಲಿಯನ್ ಎಂಬ ಸ್ವಿಚ್‌ಗಳಿವೆ.

ಮೂರನೆಯದು ದೋಷ, ನೀತಿಯದ್ದು ಇಲ್ಲವೇ ಪ್ರೋಗ್ರಾಮಿನದ್ದು. ಇವೆರಡನ್ನು ಬೇರ್ಪಡಿಸುವುದೇ ಕಷ್ಟ. ಒಂದು ಸೇವೆ ತಾನು ತೆರೆದ ಫೈಲನ್ನು ಮುಚ್ಚದೆ ಇನ್ನೊಂದು ಪ್ರೋಗ್ರಾಮನ್ನು ಎಬ್ಬಿಸಿದರೆ, ಆ ತೆರೆದ ಫೈಲು ಹೀಗೆ ಹುಟ್ಟಿದ ಮಗು ಪ್ರೋಗ್ರಾಮಿನ ಕೈಗೂ ದಾಟುತ್ತದೆ. ಮಗುವಿಗೆ ಅದು ಬೇಕಿಲ್ಲ, ಅನುಮತಿಯೂ ಇಲ್ಲ. ಲಾಗ್‌ನಲ್ಲಿ ತಡೆಯ ಸಾಲು ಬೀಳುತ್ತದೆ. ದೂರು ನೀತಿಯ ಮೇಲೆ ಬರುತ್ತದೆ, ತಪ್ಪು ತಾಯಿ ಪ್ರೋಗ್ರಾಮಿನದು. ಹಾಗೆಯೇ ರೂಟ್ ಅಧಿಕಾರದ ಸೇವೆಯೊಂದು ಸಾಮಾನ್ಯ ಫೈಲ್ ಅನುಮತಿಯನ್ನು ಮೀರಲು ಹೋದಾಗ ‘ಡ್ಯಾಕ್ ಓವರ್‌ರೈಡ್’ ತಡೆ ಬರುತ್ತದೆ. ನೀತಿಯಲ್ಲಿ ಆ ಅಧಿಕಾರ ಕೊಡುವ ಬದಲು ಫೈಲಿನ ಒಡೆತನವನ್ನು ಸರಿಪಡಿಸಿದರೆ ಎಷ್ಟೋ ಸಲ ಸಾಕು.

ನಾಲ್ಕನೆಯದು ನಿಜವಾದ ದಾಳಿ. ವರದಿ ಮಾಡುವವರಿಗೆ ಕೊನೆಗೆ ನೆನಪಾಗುವ ಕಾರಣ ಇದು. ಬೇಲಿ ಹಾಕಿದ್ದೇ ಇದಕ್ಕಾಗಿ ಎಂಬುದನ್ನು ಮರೆಯಬಾರದು.

ಒಂದೇ ಸಾಲು, ಮೂರು ಕಥೆ

ತಡೆಯಾದಾಗ ಆಡಿಟ್ ಲಾಗ್‌ನಲ್ಲಿ ‘ಎವಿಸಿ’ ಎಂದು ಆರಂಭವಾಗುವ ಒಂದು ಸಾಲು ಬೀಳುತ್ತದೆ: ಯಾವ ಪ್ರೋಗ್ರಾಮ್, ಅದರ ಲೇಬಲ್ ಏನು, ಎದುರಿನ ವಸ್ತುವಿನ ಲೇಬಲ್ ಏನು, ಅದು ಯಾವ ಬಗೆಯ ವಸ್ತು, ಯಾವ ಕ್ರಿಯೆಯನ್ನು ತಡೆದದ್ದು. ಈ ಸಾಲನ್ನು ಜನರ ಮಾತಿಗೆ ತಿರುಗಿಸಲು 2006ರ ಫೆಡೋರಾ ಕೋರ್ 6ರಿಂದ ಸೆಟ್ರಬಲ್‌ಶೂಟ್ ಎಂಬ ಸಾಧನ ಬಂತು. ಅದು ಕಾರಣ ಊಹಿಸುತ್ತದೆ, ಪರಿಹಾರ ಸೂಚಿಸುತ್ತದೆ, ಬಗ್ ವರದಿ ಸಲ್ಲಿಸಲು ಗುಂಡಿಯನ್ನೂ ಒದಗಿಸುತ್ತದೆ. ಮೇಲಿನ ಐದು ಅಂಶಗಳನ್ನು ಜೋಡಿಸಿ ಒಂದು ಗುರುತು ಮಾಡಿ, ಅದೇ ಗುರುತಿನ ಹಳೆಯ ವರದಿ ಇದ್ದರೆ ಗುರುತಿಸಲೂ ನೆರವಾಗುತ್ತದೆ. ಸಾವಿರಾರು ಜನರ ವರದಿಗಳನ್ನು ಒಂದೆಡೆ ಕೂಡಿಸಲು ಇದು ದೊಡ್ಡ ಉಪಕಾರ.

ಆದರೆ ಒಂದು ಗುರುತು ಒಂದೇ ಘಟನೆ ಎಂದಾಗುವುದಿಲ್ಲ. ವೆಬ್ ಸರ್ವರ್ ಯಾವ ಸೇವೆಗೂ ಮೀಸಲಾಗದ ಒಂದು ಪೋರ್ಟಿಗೆ ಸಂಪರ್ಕ ಮಾಡಲು ಹೋಗಿ ತಡೆಯಾಯಿತು ಎಂದುಕೊಳ್ಳಿ. ಮೊದಲ ಯಂತ್ರದಲ್ಲಿ ಅದರ ಹಿಂದಿರುವುದು ಕಾಲೇಜಿನ ವಿದ್ಯಾರ್ಥಿಯೊಬ್ಬ ಅದೇ ಯಂತ್ರದಲ್ಲಿ ಓಡಿಸುತ್ತಿರುವ ಸ್ವಂತ ಅಪ್ಲಿಕೇಶನ್. ಎರಡನೆಯದರಲ್ಲಿ ಕಚೇರಿಯ ವೆಬ್‌ಸೈಟ್ ದೂರದ ಇನ್ನೊಂದು ಸರ್ವರಿಗೆ ಮಾಹಿತಿ ಕಳಿಸಲು ನೋಡುತ್ತಿದೆ. ಮೂರನೆಯದರಲ್ಲಿ ಅಪ್‌ಲೋಡ್ ಪುಟದ ಮೂಲಕ ಯಾರೋ ನುಸುಳಿಸಿದ ಪಿಎಚ್‌ಪಿ ಫೈಲು ತನ್ನ ಯಜಮಾನನ ಯಂತ್ರವನ್ನು ಕರೆಯುತ್ತಿದೆ. ಮೂರಕ್ಕೂ ಗುರುತು ಒಂದೇ, ಏಕೆಂದರೆ ಈ ತಪಾಸಣೆ ನೋಡುವುದು ಪೋರ್ಟಿನ ಲೇಬಲ್ಲನ್ನು. ಎವಿಸಿ ಸಾಲಿನಲ್ಲಿ ಎದುರಿನ ಯಂತ್ರದ ವಿಳಾಸವೂ ಇರುವುದಿಲ್ಲ. ಮೊದಲನೆಯದಕ್ಕೆ ಆ ಒಂದು ಪೋರ್ಟಿಗೆ ವೆಬ್ ಪೋರ್ಟಿನ ಲೇಬಲ್ ಹಚ್ಚಿ, ಬರೀ ದಾಟಿಸುವ ಕೆಲಸಕ್ಕಿರುವ ಚಿಕ್ಕ ಸ್ವಿಚ್ ಹಾಕಿದರೆ ಸಾಕು. ಎರಡನೆಯದಕ್ಕೆ ಯೋಚಿಸಿ ಸ್ವಿಚ್ ಆರಿಸಬೇಕು. ಮೂರನೆಯದಕ್ಕೆ ಪರಿಹಾರ ನೆಟ್‌ವರ್ಕ್ ಕೇಬಲ್ ಕಳಚುವುದು.

ಈ ಸ್ಥಿತಿಯಲ್ಲಿ ಆಡಿಟ್-ಟು-ಅಲೋ ಎಂಬ ಸಾಧನ ಕೈಗೆ ಸುಲಭವಾಗಿ ಸಿಗುತ್ತದೆ. ತಡೆಯ ಸಾಲುಗಳನ್ನು ಅದಕ್ಕೆ ಕೊಟ್ಟರೆ ಅವನ್ನೆಲ್ಲ ಅನುಮತಿಯ ಸಾಲುಗಳಾಗಿ ತಿರುಗಿಸಿ ಕೊಡುತ್ತದೆ. ತಿಳಿದವರ ಕೈಯಲ್ಲಿ ಅದು ಉಪಯುಕ್ತ. ತಿಳಿಯದೆ ಬಳಸಿದರೆ ದಾಳಿಕೋರ ಕೇಳಿದ್ದನ್ನೂ ಕೊಟ್ಟುಬಿಡುತ್ತದೆ. ಆಂಡ್ರಾಯ್ಡ್‌ನ ಅಧಿಕೃತ ದಾಖಲೆಗಳೂ ಅದರ ಫಲಿತಾಂಶವನ್ನು ಹಾಗೇ ಸೇರಿಸಬೇಡಿ, ಅಗತ್ಯಕ್ಕಿಂತ ಅಗಲದ ಅನುಮತಿ ಆಗಬಹುದು ಎಂದು ಎಚ್ಚರಿಸುತ್ತವೆ. ಸೆಟ್ರಬಲ್‌ಶೂಟ್‌ಗೆ ಬೇರೆ ಕಾರಣ ಹೊಳೆಯದಿದ್ದಾಗ ಅದು ಕೊಡುವ ಕೊನೆಯ ಸಲಹೆಯಲ್ಲಿ ಒಂದು ಷರತ್ತಿದೆ: ಈ ಪ್ರೋಗ್ರಾಮಿಗೆ ಈ ಅನುಮತಿ ಮೊದಲಿನಿಂದಲೇ ಇರಬೇಕೆಂದು ನೀವು ನಂಬುವುದಾದರೆ ಬಗ್ ಎಂದು ವರದಿ ಮಾಡಿ. ‘ನೀವು ನಂಬುವುದಾದರೆ’ ಎಂಬ ಮಾತನ್ನು ಹೆಚ್ಚಿನವರು ಹಾರಿಸಿ ಓದುತ್ತಾರೆ. ವರದಿಯ ಇಡೀ ತೂಕ ನಿಂತಿರುವುದು ಅದರ ಮೇಲೆ.

ಸದ್ದು ಮಾಡದ ದೋಷಗಳು

ಇಲ್ಲಿಯವರೆಗೆ ಹೇಳಿದ್ದು ನೀತಿ ಅತಿ ಬಿಗಿಯಾದಾಗ ಆಗುವ ಸಂಗತಿ. ಬಿಗಿ ನೀತಿಯ ತಪ್ಪು ತಾನೇ ಕೂಗಿ ಹೇಳುತ್ತದೆ: ಕೆಲಸ ನಿಲ್ಲುತ್ತದೆ, ಲಾಗ್ ತುಂಬುತ್ತದೆ, ಪರದೆಯ ಮೇಲೆ ಸೂಚನೆ ಹಾರುತ್ತದೆ. ಅತಿ ಸಡಿಲವಾದ ನೀತಿಯ ತಪ್ಪು ಹಾಗಲ್ಲ. ಎಲ್ಲವೂ ಸರಾಗವಾಗಿ ನಡೆಯುತ್ತಿರುತ್ತದೆ. ಅನುಮತಿ ಸಿಕ್ಕ ಕೆಲಸಕ್ಕೆ ಲಾಗ್‌ನಲ್ಲಿ ಸಾಮಾನ್ಯವಾಗಿ ಸಾಲೇ ಬೀಳುವುದಿಲ್ಲ. ವರದಿ ಮಾಡುವ ನಮ್ಮ ಎಲ್ಲ ಸಾಧನಗಳೂ ಮೊದಲ ಬಗೆಯನ್ನಷ್ಟೇ ಕೇಳಿಸಿಕೊಳ್ಳುತ್ತವೆ. ಈ ಇಡೀ ವ್ಯವಸ್ಥೆಯ ದೊಡ್ಡ ಕುರುಡು ಜಾಗ ಇದು.

ಕಂಟೇನರುಗಳನ್ನು ಓಡಿಸುವ ರನ್‌ಸಿ ಎಂಬ ಸಾಧನದಲ್ಲಿ 2019ರ ಫೆಬ್ರವರಿಯಲ್ಲಿ ಬಯಲಾದ ದೋಷ ಇದಕ್ಕೆ ತಕ್ಕ ಉದಾಹರಣೆ. ಕಂಟೇನರ್ ಒಳಗಿನ ದುಷ್ಟ ಪ್ರೋಗ್ರಾಮ್ ಹೊರಗಿನ ಯಂತ್ರದ ರನ್‌ಸಿ ಫೈಲನ್ನೇ ತಿದ್ದಿ ಬರೆದು ರೂಟ್ ಅಧಿಕಾರ ಪಡೆಯಬಹುದಿತ್ತು. ಎಸ್‌ಇಲಿನಕ್ಸ್ ಜಾರಿಯಲ್ಲಿದ್ದ ರೆಡ್ ಹ್ಯಾಟ್ ಯಂತ್ರಗಳಲ್ಲಿ ಈ ದಾಳಿ ಫಲಿಸುತ್ತಿರಲಿಲ್ಲ. ಕಂಟೇನರ್ ಒಳಗಿನವು ಬಿಗಿಯಾದ ಕಂಟೇನರ್_ಟಿ ಟೈಪಿನಲ್ಲಿ ಓಡುತ್ತಿದ್ದವು. ಫೆಡೋರಾದಲ್ಲೂ ಪಾಡ್‌ಮನ್ ಎಂಬ ಕಂಟೇನರ್ ಸಾಧನ ಬಳಸುವವರು ಸುರಕ್ಷಿತ. ಆದರೆ ಅದೇ ಫೆಡೋರಾದ ಮೋಬಿ-ಎಂಜಿನ್ ಪ್ಯಾಕೇಜಿನಲ್ಲಿ ಕಂಟೇನರುಗಳು ಓಡುತ್ತಿದ್ದುದು ಕಂಟೇನರ್ ನಡೆಸುವ ಮೇಲಿನ ಸೇವೆಯ ಸಡಿಲ ಟೈಪಿನಲ್ಲಿ. ಹೀಗಾಗಿ ಅಲ್ಲಿ ಆ ರಕ್ಷಣೆ ಇರಲಿಲ್ಲ. ಎರಡೂ ಕಡೆ ಎಸ್‌ಇಲಿನಕ್ಸ್ ಚಾಲೂ ಇತ್ತು, ಎರಡೂ ಕಡೆ ಕಂಟೇನರುಗಳು ಚೆನ್ನಾಗಿ ಓಡುತ್ತಿದ್ದವು. ವ್ಯತ್ಯಾಸ ಕಾಣುತ್ತಿದ್ದುದು ಲೇಬಲ್ ತೆಗೆದು ನೋಡಿದವರಿಗೆ ಮಾತ್ರ.

ಇನ್ನೊಂದು ಉದಾಹರಣೆ ಉಬುಂಟುವಿನದು. ರೂಟ್ ಅಲ್ಲದ ಬಳಕೆದಾರ ತನ್ನದೇ ಚಿಕ್ಕ ಪರಿಸರ ಸೃಷ್ಟಿಸಿಕೊಂಡು ಅದರೊಳಗೆ ರೂಟ್‌ನಂತೆ ವರ್ತಿಸಲು ಲಿನಕ್ಸ್‌ನಲ್ಲಿ ಯೂಸರ್ ನೇಮ್‌ಸ್ಪೇಸ್ ಎಂಬ ಸೌಲಭ್ಯವಿದೆ. ಬ್ರೌಸರುಗಳು ತಮ್ಮ ರಕ್ಷಣೆಗೇ ಅದನ್ನು ಬಳಸುತ್ತವೆ. ದಾಳಿಕೋರರು ಕರ್ನೆಲ್ಲಿನ ದುರ್ಬಲ ಮೂಲೆಗಳನ್ನು ಮುಟ್ಟಲು ಬಳಸುತ್ತಾರೆ. ಉಬುಂಟು 24.04 ಇದನ್ನು ಅಪ್‌ಆರ್ಮರ್ ಮೂಲಕ ನಿರ್ಬಂಧಿಸಿತು; ಎಸ್‌ಇಲಿನಕ್ಸ್‌ನಂಥದೇ ಕೆಲಸ ಮಾಡುವ ಈ ವ್ಯವಸ್ಥೆಯಲ್ಲಿ ಪ್ರತಿ ಪ್ರೋಗ್ರಾಮಿನ ನೀತಿಗೆ ಪ್ರೊಫೈಲ್ ಎನ್ನುತ್ತಾರೆ. ಪ್ರೊಫೈಲ್ ಇಲ್ಲದ ಹಲವು ಅಪ್ಲಿಕೇಶನ್‌ಗಳು, ವಿಶೇಷವಾಗಿ ಆ್ಯಪ್‌ಇಮೇಜ್ ರೂಪದವು, ಏಳದಾದವು. ಅಗತ್ಯವಿರುವ ಪ್ರೋಗ್ರಾಮುಗಳಿಗೆ ಅನುಮತಿಯ ಪ್ರೊಫೈಲುಗಳನ್ನು ಸೇರಿಸಿದರು. 2025ರ ಮಾರ್ಚ್‌ನಲ್ಲಿ ಕ್ವಾಲಿಸ್ ಸಂಸ್ಥೆ ಈ ನಿರ್ಬಂಧವನ್ನು ತಪ್ಪಿಸುವ ಮೂರು ದಾರಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಎರಡು ಹಾದುಹೋದದ್ದು ಬಿಸಿಬಾಕ್ಸ್ ಮತ್ತು ನಾಟಿಲಸ್‌ಗೆ ಕೊಟ್ಟಿದ್ದ ಅನುಮತಿಯ ಪ್ರೊಫೈಲುಗಳ ಮೂಲಕವೇ. ಈ ದಾರಿಗಳು ತಾವಾಗಿಯೇ ಯಾರನ್ನೂ ರೂಟ್ ಮಾಡುವುದಿಲ್ಲ. ಕೆನಾನಿಕಲ್ ಇವನ್ನು ದೋಷಗಳೆನ್ನದೆ ಹೆಚ್ಚುವರಿ ರಕ್ಷಣಾ ಪದರದ ಮಿತಿಗಳು ಎಂದಿತು. ಆ ವಾದ ಏನೇ ಇರಲಿ, ‘ಕೆಲಸ ನಿಂತಿದೆ, ಬಿಡಿ’ ಎಂಬ ಒಂದೊಂದು ಕೋರಿಕೆಗೂ ಒಂದೊಂದು ಬಾಗಿಲು ತೆರೆಯುತ್ತ ಹೋದರೆ ಕೊನೆಗೆ ಗೋಡೆಗೆ ಏನಾಗುತ್ತದೆ ಎಂಬುದನ್ನು ಈ ಪ್ರಕರಣ ತೋರಿಸಿತು.

ಎರಡು ಬಗೆಯ ದೋಷಗಳಿಗೆ ಎರಡು ಬಗೆಯ ದಾರಿ ಬೇಕು. ಬಿಗಿ ನೀತಿಯ ತಪ್ಪನ್ನು ಎಲ್ಲರಿಗೂ ಕಾಣುವ ಬಗ್‌ಝಿಲ್ಲಾದಲ್ಲಿ ಹಾಕಬಹುದು, ಹಾಕಬೇಕು. ಸಡಿಲ ನೀತಿಯಿಂದ ದಾಳಿಗೆ ದಾರಿಯಾಗುವಂತಿದ್ದರೆ ಮೊದಲು ಆ ವ್ಯವಸ್ಥೆಯ ಭದ್ರತಾ ತಂಡಕ್ಕೆ ಗುಟ್ಟಾಗಿ ತಿಳಿಸಿ, ತಿದ್ದಲು ಸಮಯ ಕೊಟ್ಟು, ಆಮೇಲೆ ಬಹಿರಂಗಪಡಿಸುವುದು ಒಪ್ಪಿತ ಕ್ರಮ. ಲಿನಕ್ಸ್ ವಿತರಣೆಗಳ ಭದ್ರತಾ ತಂಡಗಳು ಪರಸ್ಪರ ಗುಟ್ಟಾಗಿ ಸುದ್ದಿ ಹಂಚಿಕೊಳ್ಳುವ ಏರ್ಪಾಡಿನಲ್ಲಿ ಈ ಮೌನಕ್ಕೆ ಗರಿಷ್ಠ 14 ದಿನಗಳ ಮಿತಿಯಿದೆ. ಭಾರತದಲ್ಲಿ ಸರ್ಟ್-ಇನ್ ಕೂಡ ಇಂಥ ವರದಿಗಳನ್ನು ಸ್ವೀಕರಿಸಿ ಸಂಬಂಧಪಟ್ಟವರಿಗೆ ತಲುಪಿಸುತ್ತದೆ. ಯಾವ ದಾರಿ ಹಿಡಿದರೂ ಪರೀಕ್ಷೆ ಮಾತ್ರ ಸ್ವಂತ ಯಂತ್ರದಲ್ಲೇ ನಡೆಯಲಿ.

ದೂರು ಯಾರ ಬಾಗಿಲಿಗೆ?

ನೀತಿಯನ್ನು ಎಲ್ಲಿ ಬರೆದಿಡುತ್ತಾರೆ ಎಂಬುದರ ಮೇಲೆ ದೂರು ತಲುಪುವ ಜಾಗ ನಿಂತಿದೆ. ಫೆಡೋರಾದಲ್ಲಿ ನೂರಾರು ಪ್ರೋಗ್ರಾಮುಗಳ ನೀತಿ ಬಹುಮಟ್ಟಿಗೆ ಒಂದೇ ಪ್ಯಾಕೇಜಿನಲ್ಲಿದೆ. ಲಾಭವೆಂದರೆ ಎಲ್ಲ ನಿಯಮಗಳನ್ನೂ ಒಟ್ಟಿಗೆ ನೋಡುವ ಪರಿಣತರಿದ್ದಾರೆ. ನಷ್ಟವೆಂದರೆ ಜಗತ್ತಿನ ಎಲ್ಲ ದೂರುಗಳೂ ಆ ಚಿಕ್ಕ ತಂಡದ ಮೇಲೇ ಬೀಳುತ್ತವೆ, ಪ್ರತಿ ಪ್ರೋಗ್ರಾಮಿನ ಒಳಹೊರಗು ಅವರಿಗೆ ತಿಳಿದಿರಲು ಸಾಧ್ಯವಿಲ್ಲ. ಆದ್ದರಿಂದ ಕಂಟೇನರುಗಳಂಥ ಕೆಲವು ದೊಡ್ಡ ಯೋಜನೆಗಳು ತಮ್ಮ ನೀತಿಯನ್ನು ತಾವೇ ಬೇರೆ ಪ್ಯಾಕೇಜಾಗಿ ನೋಡಿಕೊಳ್ಳುತ್ತವೆ.

2007ರ ಉಬುಂಟು 7.10ರಿಂದ ಮತ್ತು 2019ರ ಡೆಬಿಯನ್ 10ರಿಂದ ಮೊದಲಿಂದಲೇ ಚಾಲೂ ಬರುವ ಅಪ್‌ಆರ್ಮರ್ ಲೇಬಲ್ ಬದಲು ಫೈಲಿನ ಹಾದಿಯನ್ನೇ ನೋಡುತ್ತದೆ. ಪ್ರೊಫೈಲುಗಳು ಹಲವು ಸಲ ಆಯಾ ಪ್ರೋಗ್ರಾಮಿನ ಪ್ಯಾಕೇಜಿನಲ್ಲೇ ಇರುವುದರಿಂದ ದೂರು ನೇರ ಅದರ ಪಾಲಕರಿಗೆ ಹೋಗುತ್ತದೆ. ಅವರಿಗೆ ಪ್ರೋಗ್ರಾಮ್ ಗೊತ್ತು, ಭದ್ರತಾ ನೀತಿ ಅಷ್ಟಾಗಿ ಗೊತ್ತಿರದೇ ಇರಬಹುದು. ಓಪನ್‌ಬಿಎಸ್‌ಡಿ ಮೂರನೆಯ ದಾರಿ ಹಿಡಿಯಿತು. 2016ರಲ್ಲಿ ಬಂದ ಪ್ಲೆಜ್ ಸೌಲಭ್ಯದಲ್ಲಿ ಪ್ರೋಗ್ರಾಮೇ ತನ್ನ ಕೋಡ್‌ನಲ್ಲಿ ‘ನನಗೆ ಇಷ್ಟು ಸಾಕು’ ಎಂದು ಮಾತು ಕೊಡುತ್ತದೆ. ಮಾತು ಮುರಿದರೆ ಕರ್ನೆಲ್ ಅದನ್ನು ಅಲ್ಲಿಯೇ ಕೊಲ್ಲುತ್ತದೆ. ಉದ್ದೇಶ ಬಲ್ಲವರೇ ನೀತಿಯನ್ನೂ ಬರೆಯುವುದರಿಂದ ದೂರು ದಾರಿ ತಪ್ಪುವುದಿಲ್ಲ. ಆದರೆ ಹೊರಗಿನ ಸಾವಿರಾರು ತಂತ್ರಾಂಶಗಳ ಲೇಖಕರನ್ನೆಲ್ಲ ಹಾಗೆ ಬರೆಯುವಂತೆ ಒಪ್ಪಿಸುವುದು ದೊಡ್ಡ ಕೆಲಸ.

ಆಂಡ್ರಾಯ್ಡ್‌ನಲ್ಲಿ ನೀತಿಯ ಒಂದು ಭಾಗ ಗೂಗಲ್‌ನದು, ಇನ್ನೊಂದು ಭಾಗ ಫೋನ್ ತಯಾರಕರದು. ಸಾಮಾನ್ಯ ಬಳಕೆದಾರರಿಗೆ ತಡೆಯ ಸಾಲು ಕಾಣುವುದೂ ಅಪರೂಪ. ಅಲ್ಲಿ ಸಡಿಲತೆಯ ವಿರುದ್ಧ ಒಂದು ಗಟ್ಟಿ ಏರ್ಪಾಡಿದೆ: ‘ಎಂದಿಗೂ ಅನುಮತಿಸಬಾರದು’ ಎಂಬ ನೆವರ್‌ಅಲೋ ನಿಯಮಗಳು. ತಯಾರಕರು ಅವನ್ನು ಮುರಿಯುವ ಅನುಮತಿ ಸೇರಿಸಿದರೆ ಹೊಂದಾಣಿಕೆ ಪರೀಕ್ಷೆಯಲ್ಲಿ ಫೋನ್ ಪಾಸಾಗುವುದಿಲ್ಲ. ಸದ್ದು ಮಾಡದ ದೋಷಕ್ಕೆ ಬಾಯಿ ಕೊಡುವ ಇಂಥ ಪರೀಕ್ಷೆಗಳು ಎಲ್ಲ ವ್ಯವಸ್ಥೆಗಳಿಗೂ ಬೇಕು.

ತಿದ್ದುಪಡಿಯೂ ಮುರಿಯಬಹುದು

ವರದಿ ಒಪ್ಪಿತವಾದ ಮೇಲೆ ಹೊಸ ನೀತಿ ಪರೀಕ್ಷೆಗೆ ಬರುತ್ತದೆ. ಫೆಡೋರಾದ ಬೋಧಿ ವ್ಯವಸ್ಥೆಯಲ್ಲಿ ಬಳಕೆದಾರರೇ ಅದನ್ನು ಹಾಕಿ ನೋಡಿ ಅಂಕ ಕೊಡುತ್ತಾರೆ. ಈ ಹಂತವನ್ನು ಹಗುರವಾಗಿ ನೋಡಬಾರದು ಎಂಬುದಕ್ಕೆ 2014ರ ಜನವರಿಯ ಫೆಡೋರಾ 20 ಸಾಕ್ಷಿ. ಆಗ ಬಂದ ಒಂದು ನೀತಿ ಅಪ್‌ಡೇಟ್ ಪ್ಯಾಕೇಜುಗಳನ್ನು ಹಾಕುವಾಗ ಓಡಬೇಕಾದ ಚಿಕ್ಕ ಸ್ಕ್ರಿಪ್ಟುಗಳನ್ನೇ ತಡೆದುಬಿಟ್ಟಿತು. ಅಪ್‌ಡೇಟ್ ಹಾಕಿದ ಕ್ಷಣದಲ್ಲಿ ಏನೂ ಕಾಣುತ್ತಿರಲಿಲ್ಲ. ಮುಂದಿನ ಸಲ ಯಾವುದಾದರೂ ಪ್ಯಾಕೇಜ್ ಹಾಕಲು ಹೋದಾಗ ಸಿಕ್ಕಿಬೀಳುತ್ತಿತ್ತು. ಸರಿಪಡಿಸಿದ ನೀತಿಯೂ ಒಂದು ಪ್ಯಾಕೇಜೇ ಆದ್ದರಿಂದ, ಅದನ್ನು ಹಾಕಲು ಎಸ್‌ಇಲಿನಕ್ಸನ್ನು ತಾತ್ಕಾಲಿಕವಾಗಿ ಇಳಿಸಬೇಕಾಯಿತು. ನೀತಿಯನ್ನು ಪರೀಕ್ಷಿಸುವವರು ಅಂದಿನ ಕೆಲಸದ ಜೊತೆಗೆ ಯಂತ್ರವನ್ನು ಮರುಚಾಲೂ ಮಾಡಿ, ಇನ್ನೊಂದು ಪ್ಯಾಕೇಜ್ ಹಾಕಿ, ಮರುದಿನವೂ ನೋಡಬೇಕು.

ಒಳ್ಳೆಯ ವರದಿಯಲ್ಲಿ ಏನಿರಬೇಕು

ಮೊದಲು ತಡೆದದ್ದು ನಿಜವಾಗಿ ಎಸ್‌ಇಲಿನಕ್ಸೇ ಎಂದು ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ಫೈಲ್ ಅನುಮತಿಯೇ ತಡೆದಿದ್ದರೆ ಮಾತು ನೀತಿಯವರೆಗೆ ಬರುವುದೇ ಇಲ್ಲ, ಎವಿಸಿ ಸಾಲೂ ಇರುವುದಿಲ್ಲ. ಆದರೆ ಸಾಲಿಲ್ಲ ಎಂದ ಮಾತ್ರಕ್ಕೆ ನೀತಿ ನಿರ್ದೋಷಿಯೂ ಅಲ್ಲ. ನಿರುಪದ್ರವಿ ಎಂದು ಗೊತ್ತಿರುವ ತಡೆಗಳನ್ನು ಲಾಗ್‌ಗೆ ಬರೆಯದಂತೆ ಮುಚ್ಚಿಡುವ ‘ಡೋಂಟ್‌ಆಡಿಟ್’ ನಿಯಮಗಳಿವೆ. ಸಂಶಯವಿದ್ದಾಗ ಅವನ್ನು ತಾತ್ಕಾಲಿಕವಾಗಿ ತೆಗೆದು ನೋಡಬೇಕು. ಲೇಬಲ್‌ಗಳನ್ನು ಮೂಲಸ್ಥಿತಿಗೆ ತಂದು ಮತ್ತೆ ಪ್ರಯತ್ನಿಸಬೇಕು. ತಕ್ಕ ಬೂಲಿಯನ್ ಇದೆಯೇ ಎಂದು ಹುಡುಕಬೇಕು.

ಪ್ರೋಗ್ರಾಮ್ ಮೊದಲ ತಡೆಗೇ ನಿಂತುಬಿಟ್ಟರೆ ಅದೊಂದೇ ವರದಿಯಾಗುತ್ತದೆ. ಅದು ತಿದ್ದಿ ಬಂದ ಮೇಲೆ ಎರಡನೆಯ ತಡೆ, ಮತ್ತೆ ವರದಿ, ಹೀಗೆ ತಿಂಗಳುಗಟ್ಟಲೆ ಸಾಗುತ್ತದೆ. ಪರೀಕ್ಷೆಗೆಂದೇ ಇಟ್ಟ ಯಂತ್ರದಲ್ಲಿ ಆ ಒಂದು ಪ್ರೋಗ್ರಾಮಿನ ಟೈಪನ್ನು ಮಾತ್ರ ಎಚ್ಚರಿಕೆಯ ಸ್ಥಿತಿಗೆ ಇಳಿಸಿ, ಅದರ ಪೂರ್ತಿ ಕೆಲಸ ನಡೆಸಿ, ಎಲ್ಲ ಸಾಲುಗಳನ್ನೂ ಒಟ್ಟಿಗೆ ಸಂಗ್ರಹಿಸಿದರೆ ಎರಡೂ ಕಡೆಯವರ ಶ್ರಮ ಉಳಿಯುತ್ತದೆ. ಇಡೀ ವ್ಯವಸ್ಥೆಯನ್ನು ಇಳಿಸುವ ಅಗತ್ಯವಿಲ್ಲ.

ವರದಿಯಲ್ಲಿ ನೀತಿಯ ಮತ್ತು ಪ್ರೋಗ್ರಾಮಿನ ಆವೃತ್ತಿ, ಪೂರ್ತಿ ಎವಿಸಿ ಸಾಲುಗಳು, ಮತ್ತೆ ಅದೇ ತಡೆ ಬರಿಸುವ ಕ್ರಮ ಇರಲಿ. ತಡೆಯಿಂದ ನಿಜವಾಗಿ ಏನು ನಿಂತಿತು ಎಂದು ಬರೆಯಬೇಕು. ಏನೂ ನಿಲ್ಲದಿದ್ದರೆ ಅದನ್ನೂ ಹೇಳಬೇಕು, ಆಗ ಅನುಮತಿಯ ಬದಲು ಮುಚ್ಚಿಡುವ ನಿಯಮವೇ ಸಾಕಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಉದ್ದೇಶ ಬರೆಯಬೇಕು: ಈ ಪ್ರೋಗ್ರಾಮ್ ಈ ಫೈಲನ್ನು ಯಾಕೆ ಮುಟ್ಟುತ್ತದೆ, ಹೊಸ ಆವೃತ್ತಿಯಲ್ಲಿ ಆದ ಬದಲಾವಣೆ ಏನು, ಅದು ಎಲ್ಲ ಬಳಕೆದಾರರಿಗೂ ಬೇಕೇ ಅಥವಾ ನಮ್ಮ ಏರ್ಪಾಡಿಗೆ ಮಾತ್ರವೇ.

ಒಂದು ಎಚ್ಚರಿಕೆ. ಆಡಿಟ್ ಲಾಗ್‌ನಲ್ಲಿ ಬಳಕೆದಾರರ ಹೆಸರು, ಫೈಲಿನ ಹೆಸರುಗಳಿರುತ್ತವೆ. ಪ್ರೋಗ್ರಾಮಿಗೆ ಕೊಟ್ಟ ಪೂರ್ತಿ ಆದೇಶ ಹದಿನಾರರ ಸಂಖ್ಯೆಗಳ ರೂಪದಲ್ಲಿ ‘ಪ್ರಾಕ್‌ಟೈಟಲ್’ ಎಂಬಲ್ಲಿ ಅಡಗಿರುತ್ತದೆ. ಕಣ್ಣಿಗೆ ಅರ್ಥವಾಗದ ಆ ಅಂಕಿಗಳೊಳಗೆ ಆದೇಶದ ಜೊತೆ ಟೈಪ್ ಮಾಡಿದ ಪಾಸ್‌ವರ್ಡ್ ಇರಬಹುದು. ಸಾರ್ವಜನಿಕ ವರದಿಗೆ ಹಾಕುವ ಮುನ್ನ ಬಿಡಿಸಿ ಓದಿ, ಗುಟ್ಟುಗಳನ್ನು ಅಳಿಸಬೇಕು. ಕನ್ನಡದಲ್ಲಿ ಸಿಸ್ಟಮ್ ಬಳಸುವವರು ತಪ್ಪು ಬರಿಸುವ ಆದೇಶವನ್ನು ಒಮ್ಮೆ ಇಂಗ್ಲಿಷ್ ಲೊಕೇಲ್‌ನಲ್ಲಿ ಓಡಿಸಿ ಆ ಸಂದೇಶವನ್ನು ಕೊಟ್ಟರೆ, ಬೇರೆ ದೇಶದಲ್ಲಿ ಕೂತು ತಿದ್ದುವವರಿಗೆ ಹಳೆಯ ವರದಿಗಳೊಡನೆ ಹೋಲಿಸಲು ಸುಲಭ.

ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಮರೆಯುತ್ತಾರೆ. ತಿದ್ದುಪಡಿ ಬರುವವರೆಗೆ ಕೆಲಸ ಸಾಗಿಸಲು ಸ್ವಂತವಾಗಿ ಹಾಕಿಕೊಂಡ ಅನುಮತಿಯ ಮಾಡ್ಯೂಲನ್ನು, ಅಧಿಕೃತ ತಿದ್ದುಪಡಿ ಬಂದ ದಿನ ತೆಗೆಯಬೇಕು. ಇಲ್ಲವಾದರೆ ಬಗ್ ಮುಚ್ಚಿದರೂ ನಮ್ಮ ಯಂತ್ರದಲ್ಲಿ ತೆರೆದ ಬಾಗಿಲು ಹಾಗೇ ಉಳಿಯುತ್ತದೆ.

ಮುಂದೆ ಆಗಬೇಕಾದ್ದು

ಈ ಸಮೀಕ್ಷೆಯಿಂದ ನನಗೆ ಖಚಿತವಾಗಿ ಕಾಣುವುದು ಎರಡು ಸಂಗತಿ. ಒಂದು, ತಡೆಯನ್ನು ಗುರುತಿಸಿ ಕಳಿಸುವ ಕೆಲಸವನ್ನು ಯಂತ್ರಗಳು ಚೆನ್ನಾಗಿ ಕಲಿತಿವೆ. ಉದ್ದೇಶವನ್ನು ಕೇಳುವ ಕೆಲಸದಲ್ಲಿ ನಾವು ಹಿಂದಿದ್ದೇವೆ. ವರದಿಯ ನಮೂನೆಯಲ್ಲಿ ಲಾಗ್ ಅಂಟಿಸುವ ಜಾಗಕ್ಕಿಂತ ಮೊದಲು ‘ಈ ಪ್ರೋಗ್ರಾಮಿಗೆ ಇದು ಯಾಕೆ ಬೇಕು?’ ಎಂಬ ಪ್ರಶ್ನೆ ಬರಬೇಕು, ಅದಕ್ಕೆ ಉತ್ತರವಿಲ್ಲದ ಕೋರಿಕೆಗೆ ಅನುಮತಿ ಸಿಗಬಾರದು. ಎರಡು, ಸಡಿಲ ನಿಯಮಗಳನ್ನು ಹುಡುಕುವುದೂ ಬಗ್ ವರದಿಯೇ ಎಂದು ನಾವು ಒಪ್ಪಬೇಕು. ನೀತಿಯೊಳಗೆ ಯಾವ ಟೈಪಿಗೆ ಏನೇನು ಅನುಮತಿ ಇದೆ ಎಂದು ಹುಡುಕುವ ಎಸ್‌ಇಸರ್ಚ್‌ನಂಥ ಸಾಧನಗಳು ಯಾರಿಗೂ ಮುಕ್ತವಾಗಿ ಸಿಗುತ್ತವೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಭದ್ರತೆ ಕಲಿಯುವ ವಿದ್ಯಾರ್ಥಿಗಳು ಒಂದು ಸೇವೆಯನ್ನು ಆರಿಸಿಕೊಂಡು, ಅದಕ್ಕೆ ಕೊಟ್ಟ ಪ್ರತಿ ಅನುಮತಿಯೂ ಇಂದಿಗೂ ಬೇಕೇ ಎಂದು ಸ್ವಂತ ಯಂತ್ರದಲ್ಲಿ ಪರೀಕ್ಷಿಸಿ ಬರೆದರೆ, ಅದು ಹೊಸ ಕೋಡ್ ಬರೆದಷ್ಟೇ ಬೆಲೆಯ ಕೊಡುಗೆ.

ಮುಕ್ತ ವ್ಯವಸ್ಥೆಯ ಭದ್ರತಾ ನೀತಿ ಎಲ್ಲರಿಗೂ ಓದಲು ತೆರೆದಿದೆ. ಆದರೆ ಓದುವವರು, ಪ್ರಶ್ನಿಸುವವರು, ಉತ್ತರ ಬರೆದು ಕಳಿಸುವವರು ಇದ್ದಾಗ ಮಾತ್ರ ಆ ತೆರೆದಿರುವಿಕೆಯಿಂದ ರಕ್ಷಣೆ ಸಿಗುತ್ತದೆ. ನೀತಿಯನ್ನು ಕೋಡ್ ರೂಪಕ್ಕೆ ತರುವವರು ಕೆಲವೇ ಜನ. ಅದು ಏನು ಹೇಳಬೇಕೆಂದು ತಿಳಿಸುವ ಹೊಣೆ ಅದನ್ನು ಬಳಸುವ ನಮ್ಮೆಲ್ಲರದು. ಎಸ್‌ಇಲಿನಕ್ಸ್ ಆಫ್ ಮಾಡುವವರು ಆ ಹೊಣೆಯನ್ನು ಬಿಟ್ಟುಕೊಡುತ್ತಾರೆ, ವರದಿ ಬರೆಯುವವರು ಅದನ್ನು ಹೊರುತ್ತಾರೆ.